ಕುರುಡುಮಲೆ, ಕೂಡುಮಲೆ ಮತ್ತು ಅಕ್ಷರದ ದಿನಗಳು

ಕೋಲಾರ ಜಿಲ್ಲೆಯ ಮುಳಬಾಗಿಲು ಪಟ್ಟಣದಿಂದ ಸುಮಾರು 10 ಕಿಲೋಮೀಟರು ದೂರದಲ್ಲಿರುವ ಕುರುಡುಮಲೆಯ ಹೆಸರನ್ನು ಕಾಗದದ ಮೇಲೆ ಕಂಡವರಿಗೆ ತೋರುವ ಅರ್ಥ ಒಂದು; ಆ ಸೀಮೆಯ ಹಿರಿಯರು ಹೇಳುವ ಅರ್ಥ ಇನ್ನೊಂದು. ತ್ರಿಪುರಸಂಹಾರಕ್ಕೆ ಹೊರಟ ಬ್ರಹ್ಮ, ವಿಷ್ಣು, ಮಹೇಶ್ವರರು ಇಲ್ಲಿ ಒಂದುಗೂಡಿ ವಿಘ್ನೇಶ್ವರನನ್ನು ಪ್ರತಿಷ್ಠಿಸಿದರೆಂದೂ, ದೇವತೆಗಳು ಕೂಡಿದ ಮಲೆಯಾದುದರಿಂದ ಇದು ಕೂಡುಮಲೆಯೆಂದೂ, ಸಂಸ್ಕೃತದಲ್ಲಿ ಕೂಟಾದ್ರಿಯೆಂದೂ ಸ್ಥಳೀಯ ಐತಿಹ್ಯವು ಹೇಳುತ್ತದೆ. ಸುಮಾರು 13½ ಅಡಿ ಎತ್ತರದ ಏಕಶಿಲಾ ಗಣಪತಿಯ ಮುಂದೆ ನಿಂತ ಭಕ್ತನಿಗೆ ಕೂಡುವಿಕೆಯ ಕಥೆ ಸಹಜವಾಗಿಯೇ ಒಪ್ಪಿಗೆಯಾಗುತ್ತದೆ. ಆದರೆ ದಾಖಲೆಗಳಲ್ಲಿಯೂ ಕೈಮರಗಳಲ್ಲಿಯೂ ಉಳಿದಿರುವ ರೂಪ ಕುರುಡುಮಲೆಯೇ. ಕೇಳಿದ ಹೆಸರಿಗೂ ಬರೆದ ಹೆಸರಿಗೂ ನಡುವೆ ಬಿದ್ದ ಈ ಅಂತರವು ಸ್ಥಳನಾಮ ವ್ಯಾಸಂಗಿಗಳಿಗೆ ಸಾಮಾನ್ಯ ಸಂಗತಿ. ಸಾಕ್ಷರತೆ, ಭಾಷಾ ವೈವಿಧ್ಯ, ಸಮುದಾಯದಲ್ಲಿ ಎಲ್ಲರ ಒಳಗೊಳ್ಳುವಿಕೆ ಎಂಬ ಮೂರು ವಿಷಯಗಳಿಗಾಗಿ ಇಂದು ಆಚರಿಸಲಾಗುವ ದಿನಗಳನ್ನು ಕುರಿತು ಯೋಚಿಸುವವರಿಗೆ ಮಾತ್ರ ಇದು ಬೇರೆಯೇ ಒಂದು ಬಾಗಿಲನ್ನು ತೆರೆಯುತ್ತದೆ.

ಈ ದಿನಗಳ ಹುಟ್ಟನ್ನು ಮೊದಲು ನೋಡಬೇಕು. 1965ರ ಸೆಪ್ಟೆಂಬರ್ 8ರಂದು ಇರಾನಿನ ತೆಹರಾನ್ ನಗರದಲ್ಲಿ ಅನಕ್ಷರತೆಯ ನಿರ್ಮೂಲನವನ್ನು ಕುರಿತು ಜಗತ್ತಿನ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಆರಂಭವಾಯಿತು. ಅದರ ಸ್ಮರಣೆಗಾಗಿ ಯುನೆಸ್ಕೊ ಸಂಸ್ಥೆಯು 1966ರಲ್ಲಿ ಆ ದಿನವನ್ನು ಅಂತರರಾಷ್ಟ್ರೀಯ ಸಾಕ್ಷರತಾ ದಿನವೆಂದು ಸಾರಿತು. 1967ರಿಂದ ಆಚರಣೆ ನಡೆದುಬಂದಿದೆ. ಫೆಬ್ರವರಿ 21ರ ಮಾತೃಭಾಷಾ ದಿನದ ಹಿಂದೆ ಇರುವುದು ಸಭೆಯಲ್ಲ, ರಕ್ತ. ಉರ್ದುವೊಂದೇ ರಾಷ್ಟ್ರಭಾಷೆಯೆಂಬ ಪಾಕಿಸ್ತಾನದ ನಿಲುವನ್ನು ವಿರೋಧಿಸಿ ಬಂಗಾಳಿಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ 1952ರ ಅದೇ ದಿನ ಢಾಕಾದಲ್ಲಿ ಗುಂಡು ಹಾರಿತು. 1999ರ ನವೆಂಬರ್ 17ರಂದು ಯುನೆಸ್ಕೊ ಆ ದಿನವನ್ನು ಮಾನ್ಯ ಮಾಡಿತು. ಸಾಂಸ್ಕೃತಿಕ ವೈವಿಧ್ಯದ ಘೋಷಣೆ 2001ರ ನವೆಂಬರಿನದು. ಅದನ್ನನುಸರಿಸಿ ಮೇ 21ನ್ನು ಗೊತ್ತುಮಾಡಿದುದು 2002ರ ಡಿಸೆಂಬರಿನಲ್ಲಿ. ಅಂಗವೈಕಲ್ಯವುಳ್ಳವರ ದಶಕವೆಂದು ವಿಶ್ವಸಂಸ್ಥೆ ಕರೆದ 1983ರಿಂದ 1992ರವರೆಗಿನ ಅವಧಿ ಮುಗಿಯುವ ವೇಳೆಗೆ ಡಿಸೆಂಬರ್ 3 ಅವರ ದಿನವಾಯಿತು.

ಹೀಗೆ ಒಂದೊಂದು ದಿನಕ್ಕೂ ಒಂದೊಂದು ಕಾರಣ, ಒಂದೊಂದು ಊರು ಉಂಟು. ಆದರೆ ಸುತ್ತೋಲೆಯ ಮೂಲಕ ಶಾಲೆಗಳಿಗೂ ಕಚೇರಿಗಳಿಗೂ ತಲುಪುವಷ್ಟರಲ್ಲಿ ಇವು ಬೇರೆಬೇರೆ ಇಲಾಖೆಗಳ ಬೇರೆಬೇರೆ ಕಾರ್ಯಕ್ರಮಗಳಾಗಿಬಿಡುತ್ತವೆ. ಸೆಪ್ಟೆಂಬರಿನಲ್ಲಿ ಜಾಥಾ, ಫೆಬ್ರವರಿಯಲ್ಲಿ ಪ್ರಬಂಧ ಸ್ಪರ್ಧೆ, ಡಿಸೆಂಬರಿನಲ್ಲಿ ಸನ್ಮಾನ. ಮುಳಬಾಗಿಲಿನಂಥ ಗಡಿಸೀಮೆಯಲ್ಲಿ ಈ ಮೂರನ್ನು ಬೇರ್ಪಡಿಸುವುದು ಸಾಧ್ಯವಿಲ್ಲವೆಂಬುದನ್ನು ಆ ಸೀಮೆಯ ಸ್ವರೂಪವೇ ತೋರಿಸುತ್ತದೆ.

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಬೆಂಗಳೂರಿನಿಂದ ತಿರುಪತಿಗೂ ಚೆನ್ನೈಗೂ ಹೋಗುವ ಹೆದ್ದಾರಿ ಈ ಬಾಗಿಲಿನ ಮೂಲಕವೇ ಸಾಗಿ ನಂಗಲಿಯ ಆಚೆ ಆಂಧ್ರವನ್ನು ಸೇರುತ್ತದೆ. ಪಟ್ಟಣದ ಆಂಜನೇಯನ ಗುಡಿ, ಹೈದರ್ ವಲಿ ದರ್ಗಾ, 15ನೆಯ ಶತಮಾನದಲ್ಲಿ ರಂಗವಿಠಲ ಎಂಬ ಅಂಕಿತದಿಂದ ಕನ್ನಡದಲ್ಲಿ ಹಾಡಿದ ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥ, ನೊಳಂಬರ ಕಾಲದ ದೇವಾಲಯಗಳಿರುವ ಆವನಿ, ಇವೆಲ್ಲ ಕುರುಡುಮಲೆಯ ನೆರೆಹೊರೆಯವೇ. ಕುರುಡುಮಲೆಯಲ್ಲಿಯೇ ಗಣಪತಿಯ ಗುಡಿಯಲ್ಲದೆ ಸೋಮೇಶ್ವರ ದೇವಾಲಯವೂ ಇದೆ. ಅದರ ಕೆಲಸವನ್ನು ಜಕಣಾಚಾರಿ, ಡಂಕಣಾಚಾರಿಯರು ಹಂಚಿಕೊಂಡರೆಂದು ಜನ ಹೇಳುತ್ತಾರೆ. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು, ಅಂದರೆ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟವನ್ನು, ತೆರೆದು ನೋಡಿದರೆ ಕನ್ನಡ, ತಮಿಳು, ತೆಲುಗು ಮೂರೂ ಕಾಣುತ್ತವೆ. ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಹಿಂದೆ ಒಬ್ಬರು ಆಳಿದ ನೆಲದಲ್ಲಿ ಕಲ್ಲು ಕೂಡ ಒಂದೇ ಭಾಷೆಯನ್ನು ಆಡಲಿಲ್ಲ. ಇಂದಿಗೂ ಈ ಜಿಲ್ಲೆಯಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ ತೆಲುಗು ಎರಡೂ, ಕಚೇರಿಯಲ್ಲಿ ಕನ್ನಡ ಎಂಬ ಬಾಳು ಅಸಂಖ್ಯ ಕುಟುಂಬಗಳದು. ಉರ್ದು ಮಾತಿನ ಮನೆಗಳು, ತಮಿಳು ಮಾತಿನ ಮನೆಗಳು ಅವುಗಳ ಪಕ್ಕದಲ್ಲಿಯೇ ಇವೆ. ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಂತೂ ತಮಿಳೇ ಬೀದಿಯ ಮಾತು.

ಇಂಥ ಮನೆಯಿಂದ ಮಗುವೊಂದು ಒಂದನೆಯ ತರಗತಿಗೆ ಬರುತ್ತದೆ. ಪಾಠದಲ್ಲಿ ಹಾಲಿನ ಚಿತ್ರವಿದೆ. ಮಗು 'ಪಾಲು' ಎನ್ನುತ್ತದೆ. ಅದು ತಪ್ಪೆಂದು ತಿದ್ದಲಾಗುತ್ತದೆ. ಹಾವಿನ ಚಿತ್ರಕ್ಕೆ 'ಪಾಮು' ಎನ್ನುತ್ತದೆ, ಹೂವಿಗೆ 'ಪುವ್ವು' ಎನ್ನುತ್ತದೆ. ಮೂರು ಬಾರಿ ತಪ್ಪಾದ ಮೇಲೆ ಮಗು ಬಾಯಿ ತೆರೆಯುವುದನ್ನು ನಿಲ್ಲಿಸುತ್ತದೆ. ಇಲ್ಲಿ ಸಾಹಿತ್ಯ ವಿದ್ಯಾರ್ಥಿಗಳು ತಡೆದು ನಿಂತು ಯೋಚಿಸಬೇಕಾದ ಮಾತೊಂದಿದೆ. 10ನೆಯ ಶತಮಾನದ ಪಂಪನಿಗೆ ಹಾಲು 'ಪಾಲ್' ಆಗಿತ್ತು, ಹಾವು 'ಪಾವು' ಆಗಿತ್ತು, ಹೂವು 'ಪೂ' ಆಗಿತ್ತು. ಕನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ವ್ಯತ್ಯಾಸವನ್ನು ಗುರುತಿಸಿದ್ದಾನೆ. ತೆಲುಗು ಮಾತ್ರ ಪಕಾರವನ್ನು ಉಳಿಸಿಕೊಂಡಿತು. ಹಳಗನ್ನಡವನ್ನು ಸ್ನಾತಕೋತ್ತರ ತರಗತಿಯಲ್ಲಿ ಕಷ್ಟಪಟ್ಟು ಕಲಿಯುವವರಿಗೆ ಬೇಕಾದ ಕೀಲಿಯೊಂದನ್ನು ಆ ಮಗು ಬಾಯಲ್ಲಿಟ್ಟುಕೊಂಡೇ ಶಾಲೆಗೆ ಬಂದಿರುತ್ತದೆ. ಇನ್ನೊಂದು ಬಗೆಯ ಸಂಬಂಧವೂ ಉಂಟು. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ, ಕೆರೆಯು ಚೆರುವು, ಕೈ ಎಂಬುದು ಚೆಯ್ಯಿ. ಇಲ್ಲಿ ಹಳೆಯ ಕಕಾರವನ್ನು ಉಳಿಸಿಕೊಂಡದ್ದು ಕನ್ನಡ, ಬದಲಾದದ್ದು ತೆಲುಗು. ಈ ಎರಡು ಸೂತ್ರಗಳನ್ನು ತಿಳಿದ ಉಪಾಧ್ಯಾಯನಿಗೆ 'ಪಾಲು' ಎಂಬುದು ತಪ್ಪಾಗಿ ಕೇಳಿಸುವುದಿಲ್ಲ, ಹಾಲಿಗೆ ಹೋಗುವ ಮೆಟ್ಟಿಲಾಗಿ ಕೇಳಿಸುತ್ತದೆ.

ಲಿಪಿಯ ಮಾತಿನಲ್ಲಿ ಈ ನಂಟು ಇನ್ನೂ ಸ್ಪಷ್ಟ. ಕದಂಬ, ಚಾಲುಕ್ಯರ ಕಾಲದ ಲಿಪಿಯಿಂದ ಬೆಳೆದುಬಂದ ಬರಹವನ್ನು ಲಿಪಿಶಾಸ್ತ್ರಜ್ಞರು ಶತಮಾನಗಳ ಕಾಲ ಕನ್ನಡ-ತೆಲುಗು ಲಿಪಿಯೆಂದು ಒಂದೇ ಹೆಸರಿನಿಂದ ಕರೆಯುತ್ತಾರೆ. ಸುಮಾರು 13ನೆಯ ಶತಮಾನದಿಂದೀಚೆಗೆ ಎರಡೂ ಮೆಲ್ಲಮೆಲ್ಲನೆ ಬೇರೆಯಾದವು. 19ನೆಯ ಶತಮಾನದ ಮುದ್ರಣದ ಅಚ್ಚುಮೊಳೆಗಳು ಆ ಬೇರ್ಪಾಡನ್ನು ಗಟ್ಟಿಮಾಡಿದವು. ಗ, ದ, ನ, ಬ, ರ, ಲ, ವ ಮುಂತಾದ ಅಕ್ಷರಗಳಲ್ಲಿ ತಲಕಟ್ಟಿನ ವ್ಯತ್ಯಾಸವನ್ನು ಬಿಟ್ಟರೆ ಉಳಿದುದು ಬಹುಮಟ್ಟಿಗೆ ಒಂದೇ. ಕ, ತ, ಶಗಳಲ್ಲಿ ಮಾತ್ರ ರೂಪಗಳು ದೂರ ಸರಿದಿವೆ. ಆದುದರಿಂದ ಕನ್ನಡ ಅಕ್ಷರವನ್ನು ಸರಿಯಾಗಿ ಕಲಿತ ತೆಲುಗು ಮನೆಮಾತಿನ ಹುಡುಗಿಯು ಇನ್ನು ಕೆಲವೇ ದಿನಗಳ ಶ್ರಮದಿಂದ ತನ್ನ ಅಜ್ಜಿಯ ಭಾಷೆಯನ್ನೂ ಓದಬಲ್ಲಳು. ಒಂದು ಕಲಿಕೆಯಿಂದ ಎರಡು ಭಾಷೆಗಳ ಬಾಗಿಲು ತೆರೆಯುವ ಈ ಸೌಲಭ್ಯವು ಜಗತ್ತಿನ ಎಲ್ಲ ಗಡಿಗಳಲ್ಲಿಯೂ ಇಲ್ಲ.

ಮನೆಮಾತು ಬೇರೆಯಾದವರು ಕನ್ನಡಕ್ಕೆ ಪರಕೀಯರೆಂಬ ಭಾವನೆಗೆ ಈ ಜಿಲ್ಲೆಯ ಇತಿಹಾಸವೇ ಉತ್ತರ ಕೊಟ್ಟಿದೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಕನ್ನಡದ ಸಣ್ಣಕತೆಗೆ ಅವರೇ ಹಿರಿಯರು, 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಕೈವಾರದ ಯೋಗಿ ನಾರೇಯಣರು ಬಳೆ ಮಾರುವ ವೃತ್ತಿಯವರು. ಅವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ರಚಿಸಿದ ಪದಗಳನ್ನು ಎರಡೂ ಭಾಷೆಯ ಜನ ತಮ್ಮವೆಂದೇ ಹಾಡುತ್ತಾರೆ. ಅವರನ್ನು ಯಾವ ಭಾಷೆಯವರೆಂದು ಹಂಚುವ ಗೋಜಿಗೆ ಆ ಭಾಗದ ಭಜನಾ ಮಂಡಲಿಗಳು ಹೋಗಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂಬ 350ಎ ವಿಧಿಯು 1956ರಲ್ಲಿ ಸಂವಿಧಾನಕ್ಕೆ ಸೇರಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಭಾಷಾ ಮಾಧ್ಯಮದ ಮೊಕದ್ದಮೆಯಲ್ಲಿ, ಮಗುವಿನ ಮಾತೃಭಾಷೆ ಯಾವುದೆಂಬುದನ್ನು ನಿರ್ಧರಿಸುವವರು ತಂದೆತಾಯಿಗಳು ಅಥವಾ ಪೋಷಕರೆಂದು ಹೇಳಿತು. ಗಡಿಯ ತಂದೆತಾಯಿಗಳು ತಮ್ಮ ಆಯ್ಕೆಯನ್ನು ಬಹುಮಟ್ಟಿಗೆ ಇಂಗ್ಲಿಷಿನ ಕಡೆಗೆ ತಿರುಗಿಸುತ್ತಿರುವುದು ಬೇರೆಯೇ ಚರ್ಚೆಗೆ ಯೋಗ್ಯವಾದ ವಿಷಯ.

ಇನ್ನು ವಯಸ್ಕರ ಪ್ರಶ್ನೆ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಸಾಕ್ಷರತೆ ಶೇಕಡ 74.39, ಪುರುಷರದು ಶೇಕಡ 81.81, ಸ್ತ್ರೀಯರದು ಶೇಕಡ 66.84. ರಾಜ್ಯದ ಪ್ರಮಾಣ ಶೇಕಡ 75.36. ಮೂವರು ಸ್ತ್ರೀಯರಲ್ಲಿ ಒಬ್ಬಳಿಗೆ ಓದು ಬಾರದೆಂಬುದು ಈ ಅಂಕಿಗಳ ತಾತ್ಪರ್ಯ. ಆದರೆ ಜನಗಣತಿಯಲ್ಲಿ ಸಾಕ್ಷರರೆಂದರೆ ಯಾರು? ಏಳು ವರ್ಷ ತುಂಬಿದವರಲ್ಲಿ ಯಾವುದಾದರೊಂದು ಭಾಷೆಯನ್ನು ಅರ್ಥವರಿತು ಓದಿ ಬರೆಯಬಲ್ಲವರು. ಯಾವುದಾದರೊಂದು ಎಂಬ ಪದವನ್ನು ಗಡಿಸೀಮೆಯಲ್ಲಿ ನಿಂತು ಓದಬೇಕು. ಚಿತ್ತೂರು ಕಡೆಯಿಂದ ಮದುವೆಯಾಗಿ ಬಂದು ತೆಲುಗನ್ನು ಸೊಗಸಾಗಿ ಓದಬಲ್ಲ ಹೆಣ್ಣುಮಗಳು ಲೆಕ್ಕದಲ್ಲಿ ಸಾಕ್ಷರಳು. ಪಂಚಾಯಿತಿಯ ಗೋಡೆಗೆ ಅಂಟಿಸಿದ ಕನ್ನಡದ ತಿಳಿವಳಿಕೆ ಪತ್ರದ ಮುಂದೆ ಆಕೆ ಹೆಬ್ಬೆಟ್ಟಿನವಳ ಸಾಲಿನಲ್ಲಿಯೇ ನಿಲ್ಲುತ್ತಾಳೆ. ಪಿಂಚಣಿಯ ಅರ್ಜಿಯನ್ನು ಬರೆಸಲು ಇಬ್ಬರೂ ಒಬ್ಬನನ್ನೇ ಆಶ್ರಯಿಸುತ್ತಾರೆ. ಶೇಕಡಾವಾರು ಲೆಕ್ಕ ಈ ಇಬ್ಬರನ್ನು ಬೇರೆಮಾಡುತ್ತದೆ, ಬಾಳು ಒಂದೇ ಕಡೆ ನಿಲ್ಲಿಸುತ್ತದೆ.

ಅದೇ ಜನಗಣತಿಯ ಸೂಚನೆಗಳಲ್ಲಿ ಇನ್ನೊಂದು ವಾಕ್ಯವಿದೆ: ಬ್ರೈಲ್ ಲಿಪಿಯಲ್ಲಿ ಓದಬಲ್ಲ ದೃಷ್ಟಿಹೀನರನ್ನು ಸಾಕ್ಷರರೆಂದೇ ಎಣಿಸಬೇಕು. ಈ ಚಿಕ್ಕ ವಾಕ್ಯವು ಸಾಕ್ಷರತಾ ಪ್ರಚಾರದ ಬಹು ಹಳೆಯ ರೂಢಿಯೊಂದನ್ನು ಪ್ರಶ್ನಿಸುತ್ತದೆ. ಅಕ್ಷರ ಬಾರದವರನ್ನು ಕಣ್ಣಿದ್ದೂ ಕುರುಡರೆಂದು ಕರೆಯುವುದು ಗೋಡೆಬರಹಗಳಿಗೂ ವೇದಿಕೆಯ ಭಾಷಣಗಳಿಗೂ ಒಗ್ಗಿಹೋದ ಮಾತು. ಒಂದೇ ಹೋಲಿಕೆಯಿಂದ ಇಬ್ಬರಿಗೆ ನೋವಾಗುತ್ತದೆ. ಬೆರಳ ತುದಿಯಿಂದ ಓದಬಲ್ಲವನು ಅಜ್ಞಾನಕ್ಕೆ ಉಪಮಾನವಾಗುತ್ತಾನೆ; ಮಳೆನಕ್ಷತ್ರ, ಬೆಳೆ, ರೋಗ, ಔಷಧಿಗಳನ್ನು ತಿಳಿದು ಇರುಳಿಡೀ ಪದ ಹಾಡಬಲ್ಲ ಮುದುಕಿಯು ಏನನ್ನೂ ಕಾಣದವಳಾಗುತ್ತಾಳೆ. ಕರಗದ ಕಾಲದಲ್ಲಿ ಭಾರತದ ಕಥೆಯನ್ನು ಕೇಳಿಕೇಳಿಯೇ ಕಲಿತ ಕೋಲಾರ ಸೀಮೆಯ ಜನರಿಗೆ ಈ ಹೋಲಿಕೆ ಹೊಂದುವುದೇ ಇಲ್ಲ. ಕುರುಡುಮಲೆಯೆಂಬ ಹೆಸರಿನ ಊರಿನಲ್ಲಿ ಸಾಕ್ಷರತಾ ದಿನ ಆಚರಿಸುವವರು ಈ ಮಾತನ್ನು ಬಿಟ್ಟುಬಿಟ್ಟರೆ ಆಚರಣೆಗೆ ಕೊರತೆಯೇನೂ ಆಗದು.

ಬ್ರೈಲ್ ವಿಷಯದಲ್ಲಿ ಭಾಷಾಭ್ಯಾಸಿಗಳು ತಿಳಿಯಬೇಕಾದ ಮತ್ತೊಂದು ಸ್ವಾರಸ್ಯವಿದೆ. ಸ್ವಾತಂತ್ರ್ಯಕ್ಕೆ ಮೊದಲು ಭಾರತದಲ್ಲಿ ಹಲವು ಬಗೆಯ ಬ್ರೈಲ್ ಸಂಕೇತಗಳು ಬಳಕೆಯಲ್ಲಿದ್ದವು. 1951ರಲ್ಲಿ ಭಾರತಿ ಬ್ರೈಲ್ ಎಂಬ ಏಕರೂಪ ಪದ್ಧತಿಯು ಅಂಗೀಕೃತವಾಯಿತು. ಇದರಲ್ಲಿ ಧ್ವನಿಗೆ ಚುಕ್ಕೆ, ಲಿಪಿಗಲ್ಲ. ಆರು ಚುಕ್ಕೆಗಳ ಮನೆಯಲ್ಲಿ ಒಂದನೆಯ ಮತ್ತು ಮೂರನೆಯ ಚುಕ್ಕೆ ಎದ್ದರೆ ಅದು ಕನ್ನಡದ ಕಕಾರ, ತೆಲುಗಿನ ಕಕಾರ, ತಮಿಳಿನ ಕಕಾರವೂ ಹೌದು. ಒಂದು, ಮೂರು, ನಾಲ್ಕು ಎದ್ದರೆ ಎಲ್ಲರಿಗೂ ಮಕಾರ. ಮುದ್ರಣದ ಅಚ್ಚುಮೊಳೆಗಳು ಬೇರೆಮಾಡಿದ ಭಾಷೆಗಳನ್ನು ದೃಷ್ಟಿಹೀನರ ಲಿಪಿಯು ಮತ್ತೆ ಒಂದೇ ಹಲಗೆಯ ಮೇಲೆ ತಂದಿತು. ಮುಳಬಾಗಿಲಿನ ದೃಷ್ಟಿಹೀನ ಬಾಲಕನು ಕನ್ನಡದಲ್ಲಿ ಬ್ರೈಲ್ ಕಲಿತರೆ ತೆಲುಗಿನ ಪುಸ್ತಕಕ್ಕಾಗಿ ಹೊಸ ವರ್ಣಮಾಲೆಯನ್ನು ಕಲಿಯಬೇಕಾಗಿಲ್ಲ. ಆತನಿಗಿರುವ ಕೊರತೆ ಪುಸ್ತಕಗಳದು.

ಕಾಣದವರಿಗೆ ವಿದ್ಯೆ ಎಂಬ ಮಾತು ಬಂದಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದಿರಲಾಗದು. ಸ್ವತಃ ದೃಷ್ಟಿಹೀನರಾದ ಪಂಚಾಕ್ಷರಿ ಗವಾಯಿಗಳು ಸ್ಥಾಪಿಸಿ, 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳೂ ಕಣ್ಣಿರುವ ಬಡಮಕ್ಕಳೂ ಒಟ್ಟಿಗೆ ಉಂಡು ಒಟ್ಟಿಗೆ ಕಲಿತರು. 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥರಚನೆ ಮಾಡಿದವರು. ಡಿಸೆಂಬರ್ 3 ಎಂಬ ದಿನ ಗೊತ್ತಾಗುವುದಕ್ಕೆ ದಶಕಗಳ ಮುಂಚೆ ನಡೆದ ಕೆಲಸವಿದು.

ಅಕ್ಷರವು ಜನರ ಸ್ವಂತ ಮಾತಿನೊಡನೆ ಸೇರಿದಾಗ ಏನಾಗುವುದೆಂಬುದಕ್ಕೆ ಗಡಿಯಾಚೆಯ ಒಂದು ನಿದರ್ಶನ ಉಂಟು. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆಯಿತು. ದೂಬಗುಂಟ ಗ್ರಾಮದ ಸ್ತ್ರೀಯರು ರಾತ್ರಿಯ ತರಗತಿಯಲ್ಲಿ ಓದಿದ ಪಾಠಗಳಲ್ಲಿ, ಹೆಂಗಸರೆಲ್ಲ ಒಂದಾಗಿ ಸಾರಾಯಿ ಅಂಗಡಿಯನ್ನು ಮುಚ್ಚಿಸಿದ ಕಥೆಯೂ ಇತ್ತು. ಅವರು ಆ ಕಥೆಯನ್ನು ಓದಿ ಮುಗಿಸಿ ಎದ್ದುಹೋಗಲಿಲ್ಲ. ತಮ್ಮೂರಿನ ಅಂಗಡಿಯ ಕಡೆಗೆ ನಡೆದರು. ಚಳವಳಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿ, 1993ರ ಅಕ್ಟೋಬರ್ 1ರಿಂದ ರಾಜ್ಯ ಸರ್ಕಾರ ಸಾರಾಯಿಯನ್ನು ನಿಷೇಧಿಸಬೇಕಾಯಿತು. ಆ ಸ್ತ್ರೀಯರಲ್ಲಿ ಎಷ್ಟು ಮಂದಿ ಮುಂದೆ ಸರಾಗವಾಗಿ ಓದಬಲ್ಲವರಾದರು ಎಂದು ಕೇಳುವವರು ಇರಬಹುದು. ಪಾಠವು ಅವರ ಮನೆಯ ಮಾತಿನಲ್ಲಿ, ಅವರ ಮನೆಯ ದುಃಖವನ್ನೇ ಹೇಳಿದ್ದರಿಂದ ಅದು ನಾಟಿತೆಂಬುದಂತೂ ನಿಜ.

ಹಾಗಾದರೆ ದಿನಾಚರಣೆಯಿಂದ ಪ್ರಯೋಜನವೇ ಇಲ್ಲವೆ? ಹಾಗೆನ್ನಲಾಗದು. 1913ರಲ್ಲಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದಾಗ, ಒಂದು ದಿನವನ್ನು ಗೊತ್ತುಮಾಡುವುದರಿಂದ ಚದುರಿದ ಜನ ಒಂದೆಡೆ ಸೇರಿ ಮಾತನಾಡಲು ಕಾರಣ ದೊರೆಯುತ್ತದೆಂಬುದನ್ನು ತೋರಿಸಿದರು. ಕೋಲಾರದ ಹತ್ತಿರ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರವು ಹುಣ್ಣಿಮೆಯನ್ನೇ ಗೊತ್ತುಮಾಡಿಕೊಂಡು 'ಹುಣ್ಣಿಮೆ ಹಾಡು' ಎಂಬ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿತು. ಅಕ್ಷರ ಬಲ್ಲವರೂ ಬಾರದವರೂ ಬೆಳದಿಂಗಳಲ್ಲಿ ಒಟ್ಟಿಗೆ ಕುಳಿತು ನಾಟಕ ನೋಡಿದರು, ಹಾಡು ಕೇಳಿದರು. ಹುಣ್ಣಿಮೆಗೆ ಸುತ್ತೋಲೆ ಬೇಕಾಗಿಲ್ಲ. ವರ್ಷಕ್ಕೊಮ್ಮೆ ಬಂದು ಹೋಗುವ ತಾರೀಖಿಗಿಂತ ತಿಂಗಳಿಗೊಮ್ಮೆ ತಾನಾಗಿ ಬರುವ ತಿಥಿಯು ಹಳ್ಳಿಯ ಜನಕ್ಕೆ ನೆನಪಿನಲ್ಲಿ ಉಳಿಯುತ್ತದೆ.

ಕುರುಡುಮಲೆಗೂ ಅಂಥದೊಂದು ತಿಥಿಯಿದೆ. ಭಾದ್ರಪದ ಶುದ್ಧ ಚೌತಿಯು ಸೆಪ್ಟೆಂಬರ್ 8ರ ಆಸುಪಾಸಿನಲ್ಲಿ ಆಗಾಗ ಬೀಳುತ್ತದೆ. 2024ರಲ್ಲಿ ಚೌತಿ ಸೆಪ್ಟೆಂಬರ್ 7ರ ಶನಿವಾರ, ಮರುದಿನ ಭಾನುವಾರವೇ ಸಾಕ್ಷರತಾ ದಿನ. ಬಹುಭಾಷಾ ಶಿಕ್ಷಣದ ಪ್ರೋತ್ಸಾಹ, ಪರಸ್ಪರ ತಿಳಿವಳಿಕೆಗಾಗಿ ಸಾಕ್ಷರತೆ ಎಂಬುದು ಯುನೆಸ್ಕೊ ಆ ವರ್ಷ ಆರಿಸಿಕೊಂಡ ವಿಷಯವಾಗಿತ್ತು. ವ್ಯಾಸರು ಹೇಳಿದ ಭಾರತವನ್ನು ಬರೆದುಕೊಂಡ ಲಿಪಿಕಾರನೆಂದು ಪ್ರಸಿದ್ಧನಾದ ದೇವನ ಬಳಿಗೆ ಕರ್ನಾಟಕ, ಆಂಧ್ರ, ತಮಿಳುನಾಡುಗಳಿಂದ ಜನ ಬರುವ ಕಾಲವದು. ಸಾಕ್ಷರತೆಯ ಕಾರ್ಯಕರ್ತರು ಜನರನ್ನು ಸಭೆಗೆ ಕರೆತರಲು ಪಡುವ ಶ್ರಮ ಇಲ್ಲಿ ಬೇಕಾಗದು. ಸಭೆ ತಾನಾಗಿಯೇ ಸೇರಿರುತ್ತದೆ. ಗುಡಿಯ ಅಂಗಳದ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಕನ್ನಡ ತೆಲುಗು ಎರಡನ್ನೂ ಬಲ್ಲ ಇಬ್ಬರು ಉಪಾಧ್ಯಾಯರು ಕುಳಿತು, ಬಂದವರ ಹೆಸರನ್ನು ಅವರ ಕೈಯಿಂದಲೇ ಬರೆಯಿಸಬಹುದು. ಪಿಂಚಣಿಯ ಆದೇಶವನ್ನೂ ಪಡಿತರ ಚೀಟಿಯನ್ನೂ ಓದಿ ಅರ್ಥ ಹೇಳಬಹುದು. ಭಾರತಿ ಬ್ರೈಲ್‌ನ ಒಂದು ಹಲಗೆ ಅಲ್ಲಿದ್ದರೆ, ದರ್ಶನಕ್ಕೆ ಬಂದ ದೃಷ್ಟಿಹೀನ ಮಗುವಿಗೆ ಮೊದಲ ಅಕ್ಷರ ಅಲ್ಲಿಯೇ ಬೆರಳಿಗೆ ಸಿಕ್ಕೀತು. ಮರುದಿನ ಅದೇ ಚಾಪೆಯನ್ನು ಶಾಲೆಯ ಜಗುಲಿಗೆ ಒಯ್ಯಬೇಕು. ಚೌತಿಯಂದು ಹೆಸರು ಬರೆದವರಿಗೆ ಎರಡನೆಯ ದಿನದ ಪಾಠ ಅಲ್ಲಿ ನಡೆಯಬೇಕು.